ಊರಲ್ಲಿ ಆಫೀಸ್ ಜಾಗ ಸಿಗ್ತಿಲ್ಲ ಅಂತಾರೆ, ಹಾಗಾದ್ರೆ ನನ್ನ ಮಹಡಿ ಯಾಕೆ ಖಾಲಿ?

ಪ್ರಶ್ನೆ: ನಾನು ಜಯನಗರದವನು, ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿದ್ದೇನೆ. ರಿಚ್ಮಂಡ್ ಟೌನ್‌ನ ಒಂದು ಹಳೇ ಕಟ್ಟಡದಲ್ಲಿ ನಮ್ಮ ತಂದೆ 1991ರಲ್ಲಿ ಕೊಂಡ ಎರಡು ಮಹಡಿ ನಮ್ಮದು, ಒಂದೊಂದು 2,200 ಚದರಡಿ. ಹನ್ನೊಂದು ತಿಂಗಳಿಂದ ಎರಡೂ ಖಾಲಿ. ಪೇಪರ್ ತೆಗೆದರೆ ಬೆಂಗಳೂರಿನ ನಡುಭಾಗದಲ್ಲಿ ಆಫೀಸ್ ಜಾಗವೇ ಸಿಗುತ್ತಿಲ್ಲ ಅಂತ ಬರೆದಿರುತ್ತಾರೆ. ಹೈದರಾಬಾದ್‌ನಲ್ಲಿರುವ ನನ್ನ ಭಾವಮೈದ "ಇಲ್ಲಿ ನೋಡಿ ಭಾವ, ಎಷ್ಟು ಕಟ್ಟುತ್ತಿದ್ದಾರೆ, ನಿಮ್ಮ ಊರಿನ ಕಾಲ ಮುಗೀತು, ಅದನ್ನು ಮಾರಿ ಇಲ್ಲಿ ಹಾಕಿ" ಅಂತಾನೆ. ಯಾರ ಮಾತು ನಂಬಲಿ? ಮಾರಲಾ, ಇಟ್ಟುಕೊಳ್ಳಲಾ?

ಉತ್ತರ: ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ ಸರ್, ಉಳಿದದ್ದೆಲ್ಲ ಆಮೇಲೆ. ಪೇಪರ್‌ನಲ್ಲಿ ಬರುವ ಆ ಶೇಕಡಾ ಲೆಕ್ಕದಲ್ಲಿ ನಿಮ್ಮ ಎರಡು ಮಹಡಿ ಇಲ್ಲವೇ ಇಲ್ಲ. ಅವು ಭರ್ತಿಯಾದರೂ ಆ ಅಂಕಿ ಬದಲಾಗಲ್ಲ, ಖಾಲಿ ಬಿದ್ದಿದ್ದರೂ ಬದಲಾಗಲ್ಲ.

ಆ ಲೆಕ್ಕ ಹಾಕುವವರು ದೊಡ್ಡ ಪ್ರಾಪರ್ಟಿ ಕನ್ಸಲ್ಟೆನ್ಸಿ ಕಂಪನಿಗಳು. ಅವರು ಎಣಿಸುವುದು 'ಗ್ರೇಡ್ ಎ' ಅಂತ ಕರೆಯುವ ಕಟ್ಟಡಗಳನ್ನು. ಅಂದರೆ ಒಂದೊಂದು ಮಹಡಿಯಲ್ಲೂ ದೊಡ್ಡ ಜಾಗ, ಸೆಂಟ್ರಲ್ ಏಸಿ, ಪೂರ್ತಿ ಜನರೇಟರ್ ಬ್ಯಾಕಪ್, ಸಾಕಷ್ಟು ಪಾರ್ಕಿಂಗ್, ಕಟ್ಟಡ ನೋಡಿಕೊಳ್ಳುವುದಕ್ಕೆ ಒಂದೇ ಸಂಸ್ಥೆ. ಮಹಡಿ ಮಹಡಿ ಬೇರೆ ಬೇರೆಯವರಿಗೆ ಮಾರಿದ, 80-90ರ ದಶಕದ, ನಾಲ್ಕು ಕಾರು ನಿಲ್ಲಿಸುವ ಜಾಗ ಇರುವ ಕಟ್ಟಡಗಳು ಅವರ ಪಟ್ಟಿಗೆ ಬರುವುದೇ ಕಡಿಮೆ. ಎಂ.ಜಿ. ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ ಸುತ್ತಮುತ್ತ ಇಂಥವು ಸಾಲುಸಾಲಾಗಿವೆ. ನಡುಭಾಗದಲ್ಲಿ ಖಾಲಿ ಒಂದಂಕಿಯಲ್ಲಿದೆ ಅಂತ ಬರೆದರೆ ಅದು ಸುಳ್ಳಲ್ಲ. ಆದರೆ ಅದು ನಿಮ್ಮ ಕಟ್ಟಡದ ಸುದ್ದಿ ಅಲ್ಲ, ಅಷ್ಟೇ.

ಈಗ ನಿಮ್ಮ ಭಾವಮೈದನ ಮಾತಿಗೆ ಬರೋಣ. ಅವರು ಹೇಳಿದ್ದರಲ್ಲಿ ಅರ್ಧ ಪೂರ್ತಿ ನಿಜ, ಹೈದರಾಬಾದ್‌ನಲ್ಲಿ ಭಾರೀ ಪ್ರಮಾಣದಲ್ಲಿ ಕಟ್ಟುತ್ತಿದ್ದಾರೆ. 2024ರ ಹೊತ್ತಿಗೆ ಅಲ್ಲಿನ ಗ್ರೇಡ್ ಎ ಜಾಗದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಖಾಲಿ ಇತ್ತು ಅನ್ನುವುದೂ ನಿಜ. ಬೆಂಗಳೂರಲ್ಲಿ ಯಾರು ಎಣಿಸಿದರು ಅನ್ನುವುದರ ಮೇಲೆ ಶೇಕಡಾ 10ರಿಂದ 14ರ ಆಸುಪಾಸು ಬರುತ್ತಿತ್ತು. ಇದನ್ನು ನೋಡಿ ನಮ್ಮವರು "ನೋಡ್ರೀ, ಅಲ್ಲಿ ಯಾರೂ ಬರ್ತಿಲ್ಲ" ಅಂತ ಖುಷಿಪಡುತ್ತಾರೆ, ಅವರು "ನಿಮ್ಮಲ್ಲಿ ಕಟ್ಟೋಕೆ ಜಾಗವೇ ಇಲ್ಲ" ಅಂತ ಖುಷಿಪಡುತ್ತಾರೆ. ಇಬ್ಬರೂ ಒಂದೇ ಅಂಕಿಯನ್ನು ಎರಡು ಕಡೆಯಿಂದ ಎಳೆಯುತ್ತಿದ್ದಾರೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ, ಬ್ಯಾಂಕಿನವರಿಗೆ ಇದು ಕಷ್ಟವೇನಲ್ಲ. ಒಂದು ಊರಲ್ಲಿ 100 ಲಕ್ಷ ಚದರಡಿ ಆಫೀಸ್ ಇದೆ, 10 ಲಕ್ಷ ಖಾಲಿ, ಅಂದರೆ ಶೇಕಡಾ 10. ಆ ವರ್ಷ ಹೊಸದಾಗಿ 20 ಲಕ್ಷ ಬಂತು. ಹೊಸ ಕಂಪನಿಗಳು, ಬೆಳೆದ ಕಂಪನಿಗಳು ಸೇರಿ 12 ಲಕ್ಷ ತೆಗೆದುಕೊಂಡವು. ಈಗ 120ರಲ್ಲಿ 18 ಖಾಲಿ, ಶೇಕಡಾ 15. ಪಕ್ಕದ ಊರಲ್ಲೂ ಅಷ್ಟೇ ಜಾಗ, ಅಷ್ಟೇ ಖಾಲಿ ಇತ್ತು. ಆದರೆ ಅಲ್ಲಿ ಆ ವರ್ಷ ಒಂದು ಕಟ್ಟಡವೂ ಏಳಲಿಲ್ಲ, ಇದ್ದವರಲ್ಲೇ ಒಂದು ಲಕ್ಷ ಚದರಡಿಯಷ್ಟು ಜನ ಖಾಲಿ ಮಾಡಿಕೊಂಡು ಹೋದರು. ಅಲ್ಲಿ ಶೇಕಡಾ 11. ಪೇಪರ್‌ನಲ್ಲಿ ಎರಡನೇ ಊರೇ ಚೆನ್ನಾಗಿ ಕಾಣುತ್ತದೆ, ಅಲ್ವಾ? ಆದರೆ ಕೆಲಸ ಹುಟ್ಟಿದ್ದು ಮೊದಲನೇ ಊರಲ್ಲಿ.

ಹೈದರಾಬಾದ್ ಸುಮಾರಾಗಿ ಆ ಮೊದಲನೇ ಊರಿನ ಹಾಗೆ. ಅಲ್ಲಿಂದ ಕಂಪನಿಗಳು ಓಡಿಹೋಗುತ್ತಿಲ್ಲ. 2024ರಲ್ಲಿ ಅಲ್ಲಿ 1 ಕೋಟಿ ಚದರಡಿಗಿಂತ ಜಾಸ್ತಿ ಬಾಡಿಗೆಗೆ ಹೋಗಿದೆ. ಬೆಂಗಳೂರಲ್ಲಿ ಹತ್ತಿರ 2 ಕೋಟಿ. ಅಲ್ಲಿ ಖಾಲಿ ಜಾಸ್ತಿ ಕಾಣುವುದಕ್ಕೆ ದೊಡ್ಡ ಕಾರಣ, ಕಟ್ಟುವ ವೇಗ ತುಂಬುವ ವೇಗಕ್ಕಿಂತ ಮುಂದೆ ಓಡಿದ್ದು.

ಅಷ್ಟು ಕಟ್ಟಲು ಹೇಗೆ ಸಾಧ್ಯವಾಯಿತು ಅಂದರೆ ಮುಖ್ಯವಾಗಿ ನಿಯಮ. 2006ರಲ್ಲಿ ಅವಿಭಜಿತ ಆಂಧ್ರ ಸರ್ಕಾರ ಅಲ್ಲಿ ಎಫ್‌ಎಸ್‌ಐ ಮಿತಿಯನ್ನೇ, ಅಂದರೆ ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಮಿತಿಯನ್ನೇ, ತೆಗೆದುಹಾಕಿತು. ರಸ್ತೆ ಅಗಲ ಇರಬೇಕು, ಸುತ್ತ ಜಾಗ ಬಿಡಬೇಕು, ಆಮೇಲೆ ಎತ್ತರಕ್ಕೆ ಹೋಗಿ ಅಂದರು. ನಮ್ಮಲ್ಲಿ ಎಫ್‌ಎಆರ್ ಅಂತ ಕರೆಯುವ ಅದೇ ಲೆಕ್ಕ 2015ರ ಮಾಸ್ಟರ್ ಪ್ಲಾನ್ ಪ್ರಕಾರ ಅಗಲ ರಸ್ತೆಯ ಮೇಲೂ 3.25ರ ಹತ್ತಿರ ನಿಲ್ಲುತ್ತದೆ, ಅದರ ಮೇಲೆ ಬೇಕಾದರೆ ಟಿಡಿಆರ್ (ಬೇರೆಯವರ ಕಟ್ಟುವ ಹಕ್ಕು) ಕೊಳ್ಳಬೇಕು ಇಲ್ಲವೇ ಪ್ರೀಮಿಯಂ ಕಟ್ಟಬೇಕು. ಅದರ ಜೊತೆಗೆ ಹೈದರಾಬಾದ್‌ನ ಪಶ್ಚಿಮಕ್ಕೆ ಸರ್ಕಾರದ ಕೈಯಲ್ಲೇ ದೊಡ್ಡ ದೊಡ್ಡ ತುಂಡು ಜಮೀನಿತ್ತು, ಹರಾಜು ಹಾಕುತ್ತಾ ಹೋದರು. 2023ರ ಆಗಸ್ಟ್‌ನಲ್ಲಿ ಕೋಕಾಪೇಟ್‌ನಲ್ಲಿ ಎಕರೆಗೆ 100 ಕೋಟಿ ರೂಪಾಯಿ ದಾಟಿತು. ಎಕರೆಗೆ ಅಷ್ಟು ಸುರಿದವನು ಎರಡು ಮಹಡಿ ಕಟ್ಟಿ ಸುಮ್ನೆ ಕೂರುವುದಿಲ್ಲ.

ಆದರೆ ನಿಮ್ಮ ಭಾವಮೈದ ಅಲ್ಲಿ ಹಾಕಿ ಅಂದಾಗ ಕೇಳಬೇಕಾದ ಪ್ರಶ್ನೆ ಬೇರೆ. ಎಲ್ಲಿ ಹಾಕಲಿ? ಹೈಟೆಕ್ ಸಿಟಿ ಕಡೆ ಖಾಲಿ ಕಡಿಮೆ. 1998ರಲ್ಲಿ ವಾಜಪೇಯಿಯವರು ಉದ್ಘಾಟನೆ ಮಾಡಿದ ಸೈಬರ್ ಟವರ್ಸ್ ಇರುವುದು ಅಲ್ಲೇ, ಮೆಟ್ರೋ ಬರುವುದೂ ಆ ಭಾಗಕ್ಕೆ. ಅಲ್ಲಿಂದ ಇನ್ನೂ ಪಶ್ಚಿಮಕ್ಕೆ ನಾನಕ್‌ರಾಮ್‌ಗೂಡ, ಫೈನಾನ್ಶಿಯಲ್ ಡಿಸ್ಟ್ರಿಕ್ಟ್ ಕಡೆ ಹೋದರೆ ಕಥೆಯೇ ಬದಲಾಗುತ್ತದೆ, ಹೆಚ್ಚಿನ ಖಾಲಿ ಅಲ್ಲೇ ಇರುವುದು. ನಾನು ಹೋದ ಸಲ ಅಲ್ಲಿಗೆ ಹೋದಾಗ ಸಂಜೆ ಏಳರ ಹೊತ್ತಿಗೆ ರಸ್ತೆಯ ಆಚೆ ಬದಿ ನಿಂತು ಒಂದು ಕಟ್ಟಡದ ಮಹಡಿ ಎಣಿಸಿದೆ. ಇಪ್ಪತ್ತೊಂದರಲ್ಲಿ ಒಂಬತ್ತರಲ್ಲಿ ದೀಪ ಇತ್ತು. ಉಳಿದ ಮಹಡಿಗಳಲ್ಲಿ ಗಾಜಿನ ಹಿಂದೆ ಬರೀ ಕಂಬಗಳು. ಕೆಳಗೆ ಟೀ ಗಾಡಿ ಒಂದೇ ಒಂದು, ಅದರ ಮುಂದೆ ಸೆಕ್ಯುರಿಟಿಯವರು ನಾಲ್ಕು ಜನ. ಬ್ರೋಕರ್ ತೋರಿಸುವ ಪಿಪಿಟಿಗಿಂತ ಈ ಟೀ ಗಾಡಿಯನ್ನು ನಾನು ಜಾಸ್ತಿ ನಂಬುತ್ತೇನೆ. ಜನ ಕೂತು ಕೆಲಸ ಮಾಡುವ ಕಟ್ಟಡದ ಗೇಟಿನ ಮುಂದೆ ಒಂದು ಗಾಡಿ ಇರಲ್ಲ, ಐದಾರು ಇರುತ್ತವೆ.

ಬೆಂಗಳೂರಿನ ಅಂಕಿಯನ್ನೂ ಹೀಗೇ ಬಿಡಿಸಿ ನೋಡಬೇಕು. ಇಲ್ಲಿ ಗ್ರೇಡ್ ಎ ಜಾಗವೇ 20 ಕೋಟಿ ಚದರಡಿ ದಾಟಿದೆ, ದೇಶದಲ್ಲಿ ಇದೇ ಅತಿ ದೊಡ್ಡದು. ಅದರಲ್ಲಿ ಹಳೇ ಊರಿನ ನಡುಭಾಗದ ಪಾಲು ತೀರಾ ಸಣ್ಣದು. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ ಔಟರ್ ರಿಂಗ್ ರೋಡ್, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ನಾಗವಾರದ ಮಾನ್ಯತಾ, ಈಗ ಹೆಬ್ಬಾಳದಿಂದ ಏರ್‌ಪೋರ್ಟ್‌ವರೆಗಿನ ಉತ್ತರ ಭಾಗ, ಇವೇ ಭಾರ ಹೊತ್ತಿರುವುದು. ಒಳ್ಳೇ ಕಂಪನಿಗೆ ರಿಂಗ್ ರೋಡಲ್ಲಿ ಒಂದೇ ಕಡೆ ಎರಡು ಲಕ್ಷ ಚದರಡಿ ಬೇಕು ಅಂದರೆ ಇನ್ನೂ ಮುಗಿಯದ ಕಟ್ಟಡವನ್ನೇ ಪ್ರೀ-ಲೀಸ್ ಮಾಡಬೇಕಾಗುತ್ತದೆ. ಅದೇ ಹೊತ್ತಿಗೆ ಊರಂಚಿನ ಕೆಲವು ಪಾರ್ಕ್‌ಗಳಲ್ಲಿ ಇಡೀ ಬ್ಲಾಕ್ ಖಾಲಿ.

ಅದರಲ್ಲಿ ಒಂದಷ್ಟು ಖಾಲಿಗೆ ಬೇಡಿಕೆಯ ಸಂಬಂಧವೇ ಇರಲಿಲ್ಲ. ಎಸ್‌ಇಝಡ್ (ವಿಶೇಷ ಆರ್ಥಿಕ ವಲಯ) ಕಟ್ಟಡಗಳಿವೆಯಲ್ಲ, ಅಲ್ಲಿ ಹೊಸ ಘಟಕಗಳಿಗೆ ಸಿಗುತ್ತಿದ್ದ ಆದಾಯ ತೆರಿಗೆ ವಿನಾಯಿತಿ 2020ರಲ್ಲಿ ಮುಗಿಯಿತು. ಆಮೇಲೆ ಎಸ್‌ಇಝಡ್ ಒಳಗೆ ಹೋಗುವುದಕ್ಕೆ ಯಾರಿಗೂ ಅಷ್ಟು ಆಸೆ ಉಳಿಯಲಿಲ್ಲ, ಹೊರಗಿನ ಸಾಮಾನ್ಯ ಕಂಪನಿಗೆ ಕೊಡೋಣ ಅಂದರೆ ನಿಯಮ ಬಿಡುತ್ತಿರಲಿಲ್ಲ. ಜಾಗ ಇದೆ, ಕೇಳುವವರೂ ಇದ್ದಾರೆ, ಬಾಗಿಲಿಗೆ ಬೀಗ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿ, ಮಹಡಿ ಲೆಕ್ಕದಲ್ಲಿ ಎಸ್‌ಇಝಡ್‌ನಿಂದ ಹೊರಗೆ ತೆಗೆಯಬಹುದು ಅಂದಿತು. ಅಲ್ಲಿಂದ ಬೆಂಗಳೂರಲ್ಲೂ ಹೈದರಾಬಾದ್‌ನಲ್ಲೂ ಇಂಥ ಮಹಡಿಗಳು ಒಂದೊಂದಾಗಿ ಬಾಡಿಗೆಗೆ ಹೋಗತೊಡಗಿದವು. ಒಂದು ಸರ್ಕಾರಿ ನಿಯಮದ ಗಂಟು ಸಡಿಲವಾದ ಮೇಲೆ ಇಳಿದ ಅಂಕಿಯನ್ನು ಹಿಡಿದು ಊರು ಚೇತರಿಸಿಕೊಂಡಿತು ಅಂತ ಬರೆದವರನ್ನೂ ಕಂಡಿದ್ದೇನೆ. ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಯಾಕೆ ಖಾಲಿ ಅಂತ ಕೇಳದೆ ಎಷ್ಟು ಖಾಲಿ ಅಂತ ಮಾತ್ರ ಕೇಳಿದರೆ ನೀವು ತಪ್ಪು ಕಡೆ ದುಡ್ಡು ಹಾಕುತ್ತೀರಿ.

ಬಾಡಿಗೆಗೆ ಹೋದ ಜಾಗದ ಅಂಕಿಯಲ್ಲೂ ಒಂದು ಮೋಸ ಹೋಗುವ ಜಾಗ ಇದೆ. ಕೋರಮಂಗಲದ ಕಂಪನಿ ವೈಟ್‌ಫೀಲ್ಡ್‌ಗೆ ಹೋದರೆ ಒಟ್ಟು ಲೀಸಿಂಗ್‌ನಲ್ಲಿ ಅದು ಸೇರುತ್ತದೆ, ಆದರೆ ಊರಿಗೆ ಹೊಸದಾಗಿ ಬಂದದ್ದು ಏನೂ ಇಲ್ಲ. ಅದಕ್ಕೆ 'ನೆಟ್ ಅಬ್ಸಾರ್ಪ್ಶನ್' ಅನ್ನುವ ಅಂಕಿ ನೋಡಬೇಕು, ಬಂದವರಲ್ಲಿ ಹೋದವರನ್ನು ಕಳೆದದ್ದು.

ನಿಜವಾಗಿಯೂ ಒಂದು ಊರಿನ ನಡುಭಾಗ ಖಾಲಿಯಾದರೆ ಹೇಗಿರುತ್ತದೆ ಅಂತ ನೋಡಬೇಕಾದರೆ ಕೆನಡಾದ ಕ್ಯಾಲ್ಗರಿ ನೋಡಿ. ಆಲ್ಬರ್ಟಾ ಪ್ರಾಂತ್ಯದಲ್ಲಿ ಕ್ಯಾಲ್ಗರಿ, ಎಡ್ಮಂಟನ್ ಅಂತ ಎರಡು ಊರು, ಮಧ್ಯೆ ಸುಮಾರು 300 ಕಿಲೋಮೀಟರ್, ಒಬ್ಬರನ್ನು ಕಂಡರೆ ಒಬ್ಬರಿಗೆ ಆಗಿಬರಲ್ಲ. ಎಡ್ಮಂಟನ್ ರಾಜಧಾನಿ, ಸರ್ಕಾರಿ ಕಚೇರಿಗಳ ಊರು. ಕ್ಯಾಲ್ಗರಿ ತೈಲ ಕಂಪನಿಗಳ ಹೆಡ್ ಆಫೀಸ್ ಇರುವ ಊರು. ತೈಲದ ಬೆಲೆ ಬ್ಯಾರೆಲ್‌ಗೆ 100 ಡಾಲರ್ ಇದ್ದಾಗ ಕ್ಯಾಲ್ಗರಿಯಲ್ಲಿ ಬಿಲ್ಡರ್‌ಗಳು ಗಗನಚುಂಬಿಗಳಿಗೆ ಪಾಯ ತೋಡಿದರು. 2014ರ ನಡುವಿನಿಂದ ಬೆಲೆ ಕುಸಿಯಿತು, 2016ರ ಆರಂಭದಲ್ಲಿ 30 ಡಾಲರ್‌ಗಿಂತ ಕೆಳಗೆ. ಆದರೆ ಪಾಯ ತೋಡಿದ ಕಟ್ಟಡವನ್ನು ಅರ್ಧಕ್ಕೆ ನಿಲ್ಲಿಸುವ ಹಾಗಿಲ್ಲವಲ್ಲ. 56 ಮಹಡಿಯ ಬ್ರೂಕ್‌ಫೀಲ್ಡ್ ಪ್ಲೇಸ್ 2017ರಲ್ಲಿ ಮುಗಿಯಿತು, ಬಾಡಿಗೆದಾರರು ಕೆಲಸದವರನ್ನು ಮನೆಗೆ ಕಳಿಸುತ್ತಿದ್ದ ಹೊತ್ತಲ್ಲೇ. ಆಮೇಲಿನ ವರ್ಷಗಳಲ್ಲಿ ಅಲ್ಲಿನ ಡೌನ್‌ಟೌನ್‌ನಲ್ಲಿ ಹತ್ತಿರ ಮೂರರಲ್ಲೊಂದು ಭಾಗ ಖಾಲಿ ಬಿತ್ತು. ಆ ಹೊತ್ತಿಗೆ ಎಡ್ಮಂಟನ್‌ನವರು 66 ಮಹಡಿಯ ಸ್ಟಾಂಟೆಕ್ ಟವರ್ ಎಬ್ಬಿಸಿ ಎತ್ತರದಲ್ಲಿ ಕ್ಯಾಲ್ಗರಿಯನ್ನು ದಾಟಿದರು. ನಾಲ್ಕು ಮೀಟರ್‌ನಷ್ಟು ಮಾತ್ರ, ಆದರೂ ದಾಟಿದರು. ಅದರ ಮೇಲಿನ ಅರ್ಧಕ್ಕಿಂತ ಹೆಚ್ಚು ಮಹಡಿ ಮನೆಗಳು, ಅದನ್ನು ಗಮನಿಸಿ.

ಕ್ಯಾಲ್ಗರಿ ನಗರಸಭೆ ಮಾಡಿದ್ದು ನನಗೆ ತುಂಬಾ ಹಿಡಿಸಿತು. 2021ರಿಂದ, ಖಾಲಿ ಆಫೀಸನ್ನು ಮನೆಗಳಾಗಿ ಬದಲಿಸಿದರೆ ಚದರಡಿಗೆ 75 ಕೆನಡಾ ಡಾಲರ್ ಕೊಡುತ್ತೇವೆ ಅಂದರು. 2031ರ ಹೊತ್ತಿಗೆ 60 ಲಕ್ಷ ಚದರಡಿ ಆಫೀಸ್ ಕಡಿಮೆ ಮಾಡಬೇಕು ಅನ್ನುವುದು ಅವರ ಗುರಿ. ಖಾಲಿ ಇದೆ ಅಂತ ಒಪ್ಪಿಕೊಂಡು, ಅದಕ್ಕೆ ಬೇರೆ ಕೆಲಸ ಕೊಟ್ಟರು.

ಕ್ಯಾಲ್ಗರಿಯ ಖಾಲಿ ಬಂದದ್ದು ಬಾಡಿಗೆದಾರ ಹೊರಟುಹೋದದ್ದರಿಂದ. ಹೈದರಾಬಾದ್‌ನ ಖಾಲಿ ಬಂದದ್ದು ಬಾಡಿಗೆದಾರ ಬರುತ್ತಾನೆ ಅಂತ ಮೊದಲೇ ಕಟ್ಟಿಟ್ಟದ್ದರಿಂದ. ಮೊದಲನೆಯದು ತುಂಬುವುದಕ್ಕೆ ದಶಕ ಬೇಕು, ಎರಡನೆಯದಕ್ಕೆ ಕೆಲವು ವರ್ಷ ಸಾಕಾಗಬಹುದು. ಆ ಕೆಲವು ವರ್ಷ ಕಾಯುವ ಶಕ್ತಿ ದೊಡ್ಡ ಬಿಲ್ಡರ್‌ಗೆ ಇರುತ್ತದೆ. ನಿವೃತ್ತಿಯ ದುಡ್ಡು ಹಾಕಿ ತಿಂಗಳ ಬಾಡಿಗೆ ನಂಬಿದವರಿಗೆ ಇರಲ್ಲ. ಆದ್ದರಿಂದ ಇಲ್ಲಿ ಮಾರಿ ಅಲ್ಲಿನ ಹೊಸ ಟವರ್‌ನಲ್ಲಿ ಸಣ್ಣ ತುಂಡು ಕೊಳ್ಳುವುದು ನಿಮಗೆ ಬೇಡ ಅಂತ ನಾನು ನೇರವಾಗಿಯೇ ಹೇಳುತ್ತೇನೆ. ಪಕ್ಕದ ಹತ್ತು ಮಹಡಿ ಖಾಲಿ ಇರುವಾಗ ದೊಡ್ಡ ಬಿಲ್ಡರ್ ಬಾಡಿಗೆ ಇಳಿಸುತ್ತಾನೆ, ಆರು ತಿಂಗಳು ಬಾಡಿಗೆ ಬೇಡ ಅಂತಾನೆ, ಒಳಗಿನ ಫಿಟ್‌ಔಟ್ ಕೆಲಸವನ್ನೂ ಮಾಡಿಕೊಡುತ್ತಾನೆ. ನೀವು ಅವನ ಜೊತೆ ಸ್ಪರ್ಧೆ ಮಾಡಬೇಕಾಗುತ್ತದೆ. ಅಲ್ಲಿನ ಸರಾಸರಿ ಬಾಡಿಗೆ ಬೆಂಗಳೂರಿಗಿಂತ ಕಡಿಮೆ ಇರುವುದಕ್ಕೂ ಇದೇ ಕಾರಣ. ಬಾಡಿಗೆದಾರನಿಗೆ ಅದು ಒಳ್ಳೇದು, ಮಾಲೀಕನಿಗೆ ಅಲ್ಲ.

ನಮ್ಮ ಊರಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಸುಮ್ನೆ ಬೆನ್ನು ತಟ್ಟಿಕೊಂಡು ಕೂರುವುದು ಬೇಡ. ಇಲ್ಲಿ ಖಾಲಿ ಕಡಿಮೆ ಇರುವುದಕ್ಕೆ ಬಾಡಿಗೆ ಏರುತ್ತಿದೆ, ಏರಿದ ಬಾಡಿಗೆ ಕೊಡುವ ಶಕ್ತಿ ಇರುವುದು ವಿದೇಶಿ ಕಂಪನಿಗಳ ಜಿಸಿಸಿಗಳಿಗೆ, ಅಂದರೆ ಆ ಕಂಪನಿಗಳು ತಮ್ಮದೇ ಕೆಲಸಕ್ಕೆ ಇಲ್ಲಿ ತೆರೆದ ಕೇಂದ್ರಗಳಿಗೆ. ದೇಶದಲ್ಲಿ ಇಂಥ ಕೇಂದ್ರಗಳು 1,700 ದಾಟಿವೆ, ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೆಂಗಳೂರಲ್ಲೇ ಇವೆ. ಮೂವತ್ತು ಜನರ ಸಣ್ಣ ಕಂಪನಿಗೆ ರಿಂಗ್ ರೋಡ್ ಕೈಗೆಟುಕುತ್ತಿಲ್ಲ. ಅದರ ಮೇಲೆ ಟ್ರಾಫಿಕ್. 2022ರ ಸೆಪ್ಟೆಂಬರ್‌ನಲ್ಲಿ ಅದೇ ರಿಂಗ್ ರೋಡಲ್ಲಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. 2025ರಲ್ಲಿ ಬೆಳ್ಳಂದೂರಿನ ಒಂದು ಕಂಪನಿ ರಸ್ತೆಗೆ ಬೇಸತ್ತು ಜಾಗ ಬಿಡುತ್ತೇವೆ ಅಂದ ಕೂಡಲೇ ಆಂಧ್ರದ ಸಚಿವ ನಾರಾ ಲೋಕೇಶ್ ವಿಶಾಖಪಟ್ಟಣಕ್ಕೆ ಬನ್ನಿ ಅಂತ ಕರೆದರು. ಇಂಥದ್ದೆಲ್ಲ ನಡೆದಾಗ ನನಗೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ, ಯಾಕಂದರೆ ನಡುಭಾಗದಲ್ಲಿ ನಿಮ್ಮದರ ಹಾಗೆ ನೂರಾರು ಮಹಡಿ ಸುಮ್ಮನೆ ಬೀಗ ಹಾಕಿಕೊಂಡು ಬಿದ್ದಿವೆ. ಆ ಮೂವತ್ತು ಜನರ ಕಂಪನಿಗೆ ಬೇಕಾಗಿರುವುದು ಅದೇ ಅಳತೆಯ ಜಾಗ.

ಹಾಗಾದರೆ ಯಾಕೆ ಬರುತ್ತಿಲ್ಲ? ನಿಮ್ಮ ಕಟ್ಟಡವನ್ನು ನಾನು ನೋಡಿಲ್ಲ. ಆದರೆ ಆ ಭಾಗದಲ್ಲಿ ಅದೇ ವಯಸ್ಸಿನ ಒಂದು ಕಟ್ಟಡಕ್ಕೆ ಇತ್ತೀಚೆಗೆ ಒಬ್ಬ ಬಾಡಿಗೆದಾರರನ್ನು ಕರೆದುಕೊಂಡು ಹೋಗಿದ್ದೆ. ಡಿಸೈನ್ ಕೆಲಸದ ಸಣ್ಣ ಕಂಪನಿ, ಜಾಗ ಅವರಿಗೆ ಸರಿಯಾಗಿತ್ತು. ಕೆಳಗೆ ಮೀಟರ್ ಬೋರ್ಡ್ ಪಕ್ಕ ಹಳೇ ಸ್ಕೂಟರ್ ಎರಡು, ಅದರ ಮೇಲೆ ಯಾರದೋ ಮುರಿದ ಕುರ್ಚಿಗಳು. ಲಿಫ್ಟ್‌ಗೆ ಎಳೆಯುವ ಜಾಲರಿ ಬಾಗಿಲು, ಎರಡನೇ ಮಹಡಿಯಲ್ಲಿ ನಿಲ್ಲಿಸಿದರೆ ನಾಲ್ಕು ಇಂಚು ಕೆಳಗೆ ನಿಂತಿತು. ಮೆಟ್ಟಿಲ ತಿರುವಿನಲ್ಲಿ ಎಲೆಅಡಿಕೆ ಕಲೆ. ಮೇಲೆ ಹೋಗಿ ಬಾಗಿಲು ತೆಗೆದರೆ ಒಳ್ಳೇ ಗಾಳಿ, ಕಿಟಕಿಯಾಚೆ ದೊಡ್ಡ ಮಳೆಮರ, ಮೊಸಾಯಿಕ್ ನೆಲ ಒಂದು ಬಿರುಕೂ ಇಲ್ಲದೆ ಹೊಳೆಯುತ್ತಿತ್ತು. ಆ ಹುಡುಗಿ ಕಿಟಕಿ ಹತ್ತಿರ ನಿಂತು "ಇದು ತುಂಬಾ ಚೆನ್ನಾಗಿದೆ ಅಂಕಲ್" ಅಂದಳು. ವಾಪಸ್ ಬರುವಾಗ ಲಿಫ್ಟ್ ಹತ್ತಲಿಲ್ಲ, ಮೆಟ್ಟಿಲಲ್ಲೇ ಇಳಿದಳು. ಎರಡು ದಿನ ಆದಮೇಲೆ ಬೇಡ ಅಂತ ಮೆಸೇಜ್ ಬಂತು. ಮಾಲೀಕರು ಬಾಡಿಗೆ ಜಾಸ್ತಿ ಆಯ್ತೇನೋ ಅಂತ ಐದು ರೂಪಾಯಿ ಇಳಿಸಿದರು. ತೊಂದರೆ ಬಾಡಿಗೆಯಲ್ಲಿ ಇರಲೇ ಇಲ್ಲ, ಲಿಫ್ಟ್‌ನಲ್ಲಿತ್ತು.

ಲಿಫ್ಟ್ ಯಾಕೆ ಸರಿಯಾಗಿಲ್ಲ ಅಂದರೆ, ಮಹಡಿ ಮಹಡಿಗೆ ಒಬ್ಬೊಬ್ಬ ಮಾಲೀಕ. ಒಬ್ಬರು ಮೈಸೂರಲ್ಲಿ, ಒಬ್ಬರ ಮಕ್ಕಳು ಅಮೆರಿಕದಲ್ಲಿ, ನೆಲಮಹಡಿಯವರು ನಮಗೆ ಲಿಫ್ಟ್ ಬೇಡ ಅಂತಾರೆ. ಆರು ಜನ ಕೂತು ಮಾತಾಡಿದರೆ ಮುಗಿಯುವ ಕೆಲಸಕ್ಕೆ ವರ್ಷಗಟ್ಟಲೆ ಯಾರೂ ಕೂರುವುದಿಲ್ಲ. ಹೊಸ ಟೆಕ್ ಪಾರ್ಕ್‌ಗೆ ನಡುಭಾಗದ ಹಳೇ ಕಟ್ಟಡಗಳು ಸೋತದ್ದು ಇಲ್ಲಿಯೇ, ಜಾಗದ ಗುಣದಲ್ಲಿ ಸೋತಿಲ್ಲ. ಪಾರ್ಕ್‌ನಲ್ಲಿ ನೂರು ಚದರಡಿಗೆ ಬಾಡಿಗೆ ಕಟ್ಟಿದರೆ ಬಳಸುವುದಕ್ಕೆ ಕೈಗೆ ಸಿಗುವ ಕಾರ್ಪೆಟ್ ಏರಿಯಾ ಎಪ್ಪತ್ತರ ಆಸುಪಾಸು, ಉಳಿದದ್ದು ಲಾಬಿ, ಕಾರಿಡಾರ್‌ನ ಲೋಡಿಂಗ್. ನಿಮ್ಮಂಥ ಕಟ್ಟಡದಲ್ಲಿ ಸಾಮಾನ್ಯವಾಗಿ ಎಂಬತ್ತಕ್ಕಿಂತ ಜಾಸ್ತಿ ಸಿಗುತ್ತದೆ. ಜಾಹೀರಾತಿನಲ್ಲಿ ಕಾರ್ಪೆಟ್ ಏರಿಯಾ ಬರೆಯಿರಿ, ಅದು ನಿಮ್ಮ ಬಲ.

ಆದ್ದರಿಂದ ನನ್ನ ಸಲಹೆ, ಈಗಲೇ ಮಾರಬೇಡಿ. ಹನ್ನೊಂದು ತಿಂಗಳು ಖಾಲಿ ಬಿದ್ದ ಮಹಡಿಯನ್ನು ಮಾರುಕಟ್ಟೆಗೆ ಇಟ್ಟರೆ ಕೊಳ್ಳುವವನು ಆ ಹನ್ನೊಂದು ತಿಂಗಳನ್ನೂ ಬೆಲೆಯಲ್ಲಿ ಕಳೆಯುತ್ತಾನೆ. ಬಾಡಿಗೆದಾರ ಕೂತಿರುವ ಮಹಡಿಗೆ ಬೇರೆಯೇ ಬೆಲೆ. ಮೊದಲು ಕಾಗದ ಪತ್ರ ಒಂದು ಫೈಲಿನಲ್ಲಿ ಜೋಡಿಸಿ: ಮಂಜೂರಾದ ಪ್ಲಾನ್, ಓಸಿ (ಆಕ್ಯುಪೆನ್ಸಿ ಸರ್ಟಿಫಿಕೇಟ್) ಇದ್ದರೆ ಓಸಿ, ಖಾತೆ, ತೆರಿಗೆ ರಸೀದಿ, ಲಿಫ್ಟ್ ಲೈಸೆನ್ಸ್. ಈಗ ಹದಿನೈದು ಜನರ ಕಂಪನಿಯ ವಕೀಲರೂ ಓಸಿ ಕೇಳುತ್ತಾರೆ. ಇಲ್ಲದಿದ್ದರೆ ಮೊದಲೇ ಹೇಳಿಬಿಡಿ, ಅಗ್ರಿಮೆಂಟ್ ಬರೆಯುವ ದಿನ ಗೊತ್ತಾದರೆ ಅವರು ಎದ್ದು ಹೋಗುತ್ತಾರೆ. ಆಮೇಲೆ ಉಳಿದ ಮಾಲೀಕರಿಗೆ ನೀವೇ ಫೋನ್ ಮಾಡಿ. ನಿವೃತ್ತರು, ಬ್ಯಾಂಕಿನವರು, ನಿಮ್ಮ ಮಾತಿಗೆ ಬೆಲೆ ಇರುತ್ತದೆ. ಲಿಫ್ಟ್, ಮೆಟ್ಟಿಲಿಗೆ ಬಣ್ಣ ಮತ್ತು ದೀಪ, ಒಂದು ಒಳ್ಳೇ ಶೌಚಾಲಯ, ಜನರೇಟರ್ ಲೈನ್, ಇದಿಷ್ಟಕ್ಕೆ ಎಸ್ಟಿಮೇಟ್ ತರಿಸಿ. ನೆಲಮಹಡಿಯವರು ಒಪ್ಪದಿದ್ದರೆ ಅವರ ಪಾಲನ್ನು ಉಳಿದವರು ಹಂಚಿಕೊಳ್ಳಿ, ಅದಕ್ಕಾಗಿ ಇನ್ನೊಂದು ವರ್ಷ ಜಗಳ ಬೇಡ. ನಿಮ್ಮ ಎರಡು ಮಹಡಿಯ ಮೂರು ತಿಂಗಳ ಬಾಡಿಗೆಗಿಂತ ನಿಮ್ಮ ಪಾಲು ಜಾಸ್ತಿ ಬಂದರೆ ನನಗೆ ತಿಳಿಸಿ, ಬೇರೆ ದಾರಿ ನೋಡೋಣ.

ಎರಡೂ ಮಹಡಿ ಒಬ್ಬರೇ ತೆಗೆದುಕೊಳ್ಳಲಿ ಅಂತ ಕಾಯಬೇಡಿ. ಒಂದನ್ನು ಒಳಗೆ ಏನೂ ಮಾಡಿಸದೆ ಬೇರ್ ಆಗಿ ಬಿಡಿ, ಸಿಎ ಆಫೀಸ್, ವಕೀಲರು, ಡಯಾಗ್ನೋಸ್ಟಿಕ್ ಲ್ಯಾಬ್‌ನವರು ತಮಗೆ ಬೇಕಾದ ಹಾಗೆ ಮಾಡಿಕೊಳ್ಳುತ್ತಾರೆ. ಇನ್ನೊಂದರಲ್ಲಿ ಮೇಜು, ಕುರ್ಚಿ, ಏಸಿ, ಇಂಟರ್‌ನೆಟ್ ಹಾಕಿ ಪ್ಲಗ್ ಅಂಡ್ ಪ್ಲೇ ಮಾಡಿ. ಮೂರು ವರ್ಷದ ಲಾಕ್-ಇನ್ (ಅಲ್ಲಿವರೆಗೆ ಬಿಟ್ಟುಹೋಗುವ ಹಾಗಿಲ್ಲ ಅನ್ನುವ ಕರಾರು) ಕೇಳಿ, ಮೂರು ವರ್ಷಕ್ಕೆ ಶೇಕಡಾ 15 ಏರಿಕೆ ವಾಡಿಕೆ. ಹತ್ತು ತಿಂಗಳ ಅಡ್ವಾನ್ಸ್ ಬೇಕೇ ಬೇಕು ಅಂತ ಹಠ ಹಿಡಿಯಬೇಡಿ, ಈಗಿನ ಕಂಪನಿಗಳು ಆರಕ್ಕೆ ಒಪ್ಪುತ್ತವೆ.

ಇನ್ನೊಂದು. ನಿಮ್ಮ ಕಡೆಯೇ ಮೆಟ್ರೋ ಪಿಂಕ್ ಲೈನ್‌ನ ಸುರಂಗ ಹೋಗುತ್ತಿದೆ, ಇಡೀ ಲೈನ್ ಕಾಳೇನ ಅಗ್ರಹಾರದಿಂದ ನಾಗವಾರದವರೆಗೆ 21 ಕಿಲೋಮೀಟರ್. ಅದರ ಲ್ಯಾಂಗ್‌ಫೋರ್ಡ್ ಟೌನ್ ಸ್ಟೇಷನ್‌ಗೆ ನಿಮ್ಮ ಕಟ್ಟಡದ ಗೇಟಿನಿಂದ ಒಂದು ದಿನ ಬೆಳಿಗ್ಗೆ ನಡೆದುಕೊಂಡು ಹೋಗಿ, ಎಷ್ಟು ನಿಮಿಷ ಆಯಿತು ಅಂತ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ನಾಲ್ಕು ಕಾರಿನ ಪಾರ್ಕಿಂಗ್ ಸಾಲದು ಅನ್ನುವ ಬಾಡಿಗೆದಾರರಿಗೆ ಕೊಡಬೇಕಾದ ಉತ್ತರ ಆ ನಿಮಿಷಗಳ ಲೆಕ್ಕದಲ್ಲಿದೆ.